ದೇವದುರ್ಗದಿಂದ ಬಂದ ಬಾಟಲಿಗಳು

ಸೋಮವಾರ ಬೆಳಿಗ್ಗೆ ರಾಯಚೂರು ಬಸ್ ನಿಲ್ದಾಣಕ್ಕೆ ಎರಡು ಪೆಟ್ಟಿಗೆ ಬರುತ್ತಿದ್ದವು. ಒಂದು ಮಾನ್ವಿಯಿಂದ, ಇನ್ನೊಂದು ದೇವದುರ್ಗದಿಂದ. ಹೊರಗೆ ಕಟ್ಟಿಗೆ, ಒಳಗೆ ತಗಡು, ಎರಡರ ನಡುವೆ ಭತ್ತದ ಹೊಟ್ಟು. ಭಾನುವಾರ ಅವುಗಳಿಗೆ ಐಸು ತುಂಬಿಸಿ ಕಳಿಸುವವನು ನಾನೇ. ಮರುದಿನ ಅದೇ ಐಸಿನ ನಡುವೆ ಆ ಊರುಗಳ ಚರಂಡಿ ನೀರು ಬಾಟಲಿಗಳಲ್ಲಿ ಕೂತು ವಾಪಸು ಬರುತ್ತಿತ್ತು. ಒಳಗೇನಿದೆ ಎಂದು ಗೊತ್ತಾದ ಮೇಲೆ ಕಂಡಕ್ಟರುಗಳು ಪೆಟ್ಟಿಗೆಯನ್ನು ಸೀಟಿನ ಕೆಳಗೆ ಇಡಲು ಬಿಡಲಿಲ್ಲ, ಬಸ್ಸಿನ ಮೇಲಕ್ಕೆ ಹಾಕಿಸಿದರು.

"ಹೊಲಸು ನೀರಿಗೆ ಐಸ್ ಇಡ್ತೀರಿ. ನಮಗ ಕುಡಿಯಾಕ ತಣ್ಣೀರಿಲ್ಲ. ಭಾಳ ಚಲೋ ಅದ ಬಿಡ್ರಿ ನಿಮ್ಮ ನೌಕರಿ" ಎಂದು ಮಾನ್ವಿ ಬಸ್ಸಿನವನು ತಪ್ಪದೆ ಅನ್ನುತ್ತಿದ್ದ. ಮೊದಮೊದಲು ನಗುತ್ತಿದ್ದೆ. ಆಮೇಲೆ ರಸೀದಿಗೆ ಸಹಿ ಹಾಕಿ ಪೆಟ್ಟಿಗೆ ಹೊರಿಸಿಕೊಂಡು ಸುಮ್ಮನೆ ಬರುತ್ತಿದ್ದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ನೀರಿನ ತಾಪತ್ರಯವಿರುವ ಮೂರು ದೇಶಗಳು ಸೇರಿ ಒಂದು ಸಂಶೋಧನೆ ಹಾಕಿಕೊಂಡಿದ್ದವು. ಊರಿನ ಬಚ್ಚಲು-ಚರಂಡಿ ನೀರನ್ನು ಒಂದರ ಪಕ್ಕ ಒಂದರಂತೆ ಮೂರು ಕೊಳಗಳಲ್ಲಿ ನಿಲ್ಲಿಸುವುದು, ಬಿಸಿಲು ಗಾಳಿಗೆ ಅದು ತಾನೇ ತಿಳಿಯಾಗುವಂತೆ ಬಿಡುವುದು, ಕೊನೆಗೆ ಹೊರಬಂದ ನೀರನ್ನು ಬೆಳೆಗೆ ಹಾಯಿಸುವುದು. ಬಿಸಿಲಿಗೆ ನಮ್ಮಲ್ಲೇನೂ ಕೊರತೆ ಇಲ್ಲದ್ದರಿಂದ ಮೊದಲು ಮಾನ್ವಿಯಲ್ಲಿ ಒಂದು, ಆಮೇಲೆ ದೇವದುರ್ಗದಲ್ಲಿ ಒಂದು ಕೊಳದ ಸಾಲು ತೋಡಿದರು. ಪ್ರಯೋಗಾಲಯ ರಾಯಚೂರಿನಲ್ಲಿ, ಎರಡು ಕೋಣೆ. ಅದರಲ್ಲಿ ನಾನು.

ಮೊದಲ ಹಂತದಲ್ಲಿ ಆ ನೀರು ದನದ ಮೇವಿನ ಹುಲ್ಲಿಗೆ ಮಾತ್ರ. ಹೊರಬರುವ ನೀರಿನಲ್ಲಿ ಹೊಟ್ಟೆ ಹುಳುವಿನ ಮೊಟ್ಟೆ ಒಂದೂ ಇಲ್ಲವೆಂದು ವಾರದಿಂದ ವಾರಕ್ಕೆ ಖಾತ್ರಿಯಾದರೆ ಎರಡನೇ ಹಂತ: ಪುಂಡಿ, ಮೆಂತ್ಯೆ, ರಾಜಗಿರಿ, ಅಂದರೆ ಮನುಷ್ಯರು ತಿನ್ನುವ ಪಲ್ಯ. ಇಲ್ಲವೆಂದು ಖಾತ್ರಿ ಮಾಡಿ ಸಹಿ ಹಾಕಬೇಕಾದವನು ನಾನು.

ಆ ವರ್ಷ ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ನನ್ನ ಹೆಂಡತಿ ಕಾಮಣಿಯಾಗಿ, ಕಣ್ಣು ಹಳದಿಗಟ್ಟಿ ತೀರಿಕೊಂಡಿದ್ದಳು. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಬೇರೆ ಯಾರನ್ನೋ ಚಿವುಟಿದಂತೆ ಇರುತ್ತದಲ್ಲ, ಹಾಗಿದ್ದೆ. ಆ ಸ್ಥಿತಿಗೆ ನನ್ನ ಕೆಲಸ ಹೇಳಿ ಮಾಡಿಸಿದ ಹಾಗಿತ್ತು. ಬಾಟಲಿಯ ನೀರನ್ನು ಎತ್ತರದ ಗಾಜಿನ ಪಾತ್ರೆಗೆ ಸುರಿದು ಒಂದು ದಿನ ಅಲುಗಿಸದೆ ಇಡಬೇಕು. ಮೇಲಿನ ನೀರನ್ನು ಸಣ್ಣ ಕೊಳವೆಯಿಂದ ಎಳೆದು ಚೆಲ್ಲಿ ತಳದ ಗಸಿಯನ್ನಷ್ಟೇ ಉಳಿಸಿಕೊಳ್ಳಬೇಕು. ಅದನ್ನು ಗಿರಗಿರನೆ ತಿರುಗುವ ಯಂತ್ರಕ್ಕೆ ಹಾಕಬೇಕು. ಕರೆಂಟು ಹೋದರೆ, ಹೋಗುತ್ತಲೇ ಇತ್ತು, ಹಿಡಿಕೆ ಹಿಡಿದು ಕೈಯಿಂದ ತಿರುವಬೇಕು. ಗಸಿಗೆ ಸತುವಿನ ಸಲ್ಫೇಟಿನ ಭಾರವಾದ ದ್ರಾವಣ ಸೇರಿಸಿದರೆ ಮೊಟ್ಟೆಗಳು ಮೇಲಕ್ಕೆ ತೇಲಿ ಬರುತ್ತವೆ. ಅವನ್ನು ಗೆರೆ ಹಾಕಿದ ಗಾಜಿನ ಮೇಲೆ ತೆಗೆದುಕೊಂಡು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಮನೆಗೆ ಹೋಗುವ ಅವಸರವಿಲ್ಲದ ನಾನು ಎಣಿಸುತ್ತಿದ್ದೆ.

ಮಾನ್ವಿಯ ಕೊಳದಿಂದ ಬಾಟಲಿ ತುಂಬುತ್ತಿದ್ದವಳು ಬಾಗಲವಾಡದ ಒಬ್ಬ ಹೆಣ್ಣುಮಗಳು. ಅವಳ ಬಾಟಲಿ ಬಂತೆಂದರೆ ನನಗೆ ಅರ್ಧ ಕೆಲಸ ಕಡಿಮೆ. ಒಳಬರುವ ನೀರಿನಲ್ಲಿ ಮೊಟ್ಟೆಗಳು ಬೇಕಾದಷ್ಟು. ಹೊರಬರುವ ನೀರಿನಲ್ಲಿ ಸೊನ್ನೆ. ಒಂದು ವಾರವಲ್ಲ, ಹೆಚ್ಚುಕಡಿಮೆ ಒಂದು ವರ್ಷ ಸೊನ್ನೆ. ಮೂರು ದೇಶಗಳ ಕೋಷ್ಟಕದಲ್ಲಿ ಮಾನ್ವಿಯ ಸಾಲು ಎಲ್ಲಕ್ಕಿಂತ ಮೇಲೆ ಬಂತು. ನಮ್ಮ ಯೋಜನೆಯ ಮುಖ್ಯಸ್ಥರು ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಚ್ಚಿದರು. ಮರಳುಗಾಡಿನ ದೇಶವೊಂದರಿಂದ ಬಂದಿದ್ದ ತಜ್ಞರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ದೇವದುರ್ಗದ್ದು ಬೇರೆಯೇ ರಾಮಾಯಣ. ಕೊಳದ ಅಳತೆ ಅದೇ, ಆಳ ಅದೇ, ನೀರು ನಿಲ್ಲುವ ದಿನಗಳೂ ಅಷ್ಟೇ. ಆದರೂ ಹೊರಬರುವ ನೀರಿನಲ್ಲಿ ಒಮ್ಮೆ ನಾಲ್ಕು ಮೊಟ್ಟೆ, ಒಮ್ಮೆ ಏಳು, ಒಮ್ಮೆ ಹನ್ನೊಂದು. ಬಾಟಲಿ ಹಸಿರಾಗಿರುತ್ತಿತ್ತು. ಅದರೊಳಗೆ ಚುಕ್ಕೆಯಷ್ಟು ದೊಡ್ಡ ನೀರುಚಿಗಟಗಳು ಕುಪ್ಪಳಿಸುತ್ತಿದ್ದವು.

ಅಲ್ಲಿನ ಕಾವಲುಗಾರನಿಗೆ ನಲವತ್ತರ ಮೇಲಾಗಿತ್ತು. ಕೂಲಿ ಮನೆತನದವನು. ನಾರುಹುಣ್ಣಾಗಿ ಎಡಗಾಲಿನ ಮೊಣಕಾಲು ಮಡಚದಂತೆ ಬಿಗಿದುಕೊಂಡಿತ್ತು. ನಾರುಹುಣ್ಣು ನೋಡದವರಿಗೆ ಹೇಳಬೇಕು: ಮೆಟ್ಟಿಲ ಬಾವಿಯ ನೀರು ಕುಡಿದವರ ಕಾಲಿನಿಂದ ತಿಂಗಳುಗಟ್ಟಲೆ ಆದ ಮೇಲೆ ದಾರದಂಥ ಹುಳು ಹೊರಬರುತ್ತದೆ, ದಿನಕ್ಕಿಷ್ಟು ದಿನಕ್ಕಿಷ್ಟು. ಆಗ ನಮ್ಮ ಜಿಲ್ಲೆಯಲ್ಲಿ ಅದು ಮನೆಮನೆಯ ಮಾತು. ಆ ಕಾಲಿಟ್ಟುಕೊಂಡು ಅವನು ಗದ್ದೆಗೆ ಇಳಿಯುವಂತಿರಲಿಲ್ಲ, ಕಲ್ಲು ಹೊರುವಂತಿರಲಿಲ್ಲ. ಕೊಳ ಕಾಯುವುದು, ವಾರಕ್ಕೊಮ್ಮೆ ಬಾಟಲಿ ತುಂಬುವುದು, ಅವನಿಂದಾಗುವ ಕೆಲಸ ಅದೊಂದೇ. ನೇಮಕ ಆರು ತಿಂಗಳಿನದು. ಮುಂದುವರಿಸಬೇಕಾದರೆ ಕೊಳ ಉಳಿಯಬೇಕು.

ಮುಖ್ಯಸ್ಥರು ನನ್ನನ್ನು ಕರೆದು ಹೇಳಿದರು: "ಮಾನ್ವಿದು ಸರಿ ಬರ್ತದ, ದೇವದುರ್ಗದ್ದು ಯಾಕ್ ಬರಂಗಿಲ್ಲ? ತುಂಬೋ ಮನಿಷ್ಯಾ ಸರಿಯಿಲ್ಲ. ಈ ಮೂರು ತಿಂಗಳದಾಗ ಸರಿ ಮಾಡಿಸ್ರಿ. ಇಲ್ಲಂದ್ರ ಆ ಕೊಳಾನೂ ಬ್ಯಾಡ, ಅವನೂ ಬ್ಯಾಡ."

ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ. ತಳದ ಕೆಸರು ಕಲಕಿ ತುಂಬುತ್ತಿರಬೇಕು ಎಂದುಕೊಂಡಿದ್ದೆ. ದೇವದುರ್ಗಕ್ಕೆ ಹೋಗಿ ಅವನನ್ನು ನಿಲ್ಲಿಸಿಕೊಂಡು ಬೈದೆ. ಬಾಟಲಿ ತುಂಬುವ ಕ್ರಮವನ್ನು ನಾನೇ ಇಂಗ್ಲಿಷಿನಿಂದ ಕನ್ನಡಕ್ಕಿಳಿಸಿ ಎರಡೂ ಕಡೆ ಕೊಟ್ಟಿದ್ದೆ. ಅವನು ಆ ಹಾಳೆಗೆ ಅನ್ನದ ಗಂಜಿ ಹಚ್ಚಿ ಗುಡಿಸಲಿನ ಬಾಗಿಲಿಗೆ ಅಂಟಿಸಿದ್ದ.

"ಹಾಳ್ಯಾಗ ಇದ್ದಂಗ ಮಾಡಾಕತ್ತೀನ್ರಿ ಸಾಹೇಬ್ರ" ಎಂದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದ. "ಮೂರು ಸಲ ಅದೇ ನೀರಿನಿಂದ ತೊಳೀಬೇಕು. ತೊಳದೀನ್ರಿ. ಕುತ್ತಿಗಿ ಮಟ ತುಂಬಬೇಕು. ತುಂಬೀನ್ರಿ. ಮತ್ತೇನು ಮಾಡ್ಲಿ ಹೇಳ್ರಿ."

"ಹಂಗಾದ್ರ ಮಾನ್ವಿ ಅಕ್ಕಾಗ ಹೆಂಗ ಬರ್ತದೋ? ಹೋಗಿ ಒಂದಿನ ನೋಡಿ ಕಲ್ಕೊಂಡು ಬಾ" ಎಂದೆ. ಬಸ್ ಚಾರ್ಜು ಕೊಟ್ಟೆ. ಕೆಲಸ ಹೋಗುವ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಅವನು ಕುಂಟುತ್ತ ಮಾನ್ವಿಗೆ ಹೋದ.

ಮುಂದಿನ ಸೋಮವಾರ ದೇವದುರ್ಗದ ಬಾಟಲಿ ತಿಳಿಯಾಗಿತ್ತು. ಎಣಿಸಿದೆ. ಸೊನ್ನೆ. ಇನ್ನೊಂದು ಗಾಜು ಹಾಕಿದೆ. ಸೊನ್ನೆ. ಅದರ ಮುಂದಿನ ವಾರವೂ ಸೊನ್ನೆ. ಮುಖ್ಯಸ್ಥರು ನನ್ನ ಬೆನ್ನು ತಟ್ಟಿದರು. "ನೋಡ್ರಿ, ನಾ ಹೇಳಿದ್ದಿಲ್ಲ?" ಎರಡೂ ಊರುಗಳಲ್ಲಿ ಎರಡನೇ ಹಂತ ಆರಂಭಿಸುವುದೆಂದು ಠರಾಯಿಸಿದರು. ಮುಂದಿನ ವಾರದ ಶನಿವಾರ ಸಭೆ, ಹೊರದೇಶದ ತಜ್ಞರೂ ಬರುತ್ತಾರೆ, ಅಷ್ಟರಲ್ಲಿ ಕೋಷ್ಟಕ ನನ್ನ ಸಹಿಯೊಂದಿಗೆ ಸಿದ್ಧವಿರಬೇಕು ಎಂದರು. ಮೆಂತ್ಯೆ ಬೀಜ ತರಿಸಲು ಚೀಟಿಯನ್ನೂ ಬರೆದಾಗಿತ್ತು.

ಮೂರನೆಯ ವಾರದ ದೇವದುರ್ಗದ ಗಾಜಿನ ಮೇಲೆ ನನಗೆ ಒಂದು ನೀಲಿ ನೂಲಿನ ಎಳೆ ಕಂಡಿತು. ಹತ್ತಿಯ ಎಳೆ ತಿರುಚಿಕೊಂಡ ಪಟ್ಟಿಯ ಹಾಗಿರುತ್ತದೆ, ಗುರುತು ಸಿಗುತ್ತದೆ. ಮಾನ್ವಿಯ ಗಾಜಿನಲ್ಲಿ ಇಂಥ ಎಳೆಗಳನ್ನು ನಾನು ವರ್ಷವಿಡೀ ಕಂಡಿದ್ದೆ. ಅಲ್ಲಿ ಅವು ಕೆಂಪು. ನನ್ನ ಕೈ ಒರೆಸುವ ಬಟ್ಟೆಯದಿರಬೇಕೆಂದು ಪುಸ್ತಕದ ಷರಾ ಕಾಲಮ್ಮಿನಲ್ಲಿ 'ನೂಲು' ಎಂದು ಬರೆದು ಮುಂದೆ ಹೋಗುತ್ತಿದ್ದೆ. ನನ್ನ ಬಟ್ಟೆ ಬಿಳಿಯದು. ಅದು ವರ್ಷವಿಡೀ ನನ್ನ ಹೆಗಲ ಮೇಲೇ ಇತ್ತು.

ಪುಸ್ತಕ ತಿರುವಿದೆ. ದೇವದುರ್ಗದ ಪುಟಗಳಲ್ಲಿ ಅವನು ಮಾನ್ವಿಗೆ ಹೋಗುವ ಮೊದಲು ಒಂದು ಕಡೆಯೂ 'ನೂಲು' ಇರಲಿಲ್ಲ. ಹೋಗಿ ಬಂದ ವಾರದಿಂದ ಪ್ರತಿ ವಾರ ಇತ್ತು. ಅದನ್ನು ಬರೆದವನೂ ನಾನೇ. ಒಬ್ಬ ಮನುಷ್ಯ ಬಸ್ಸಿನಲ್ಲಿ ಹೋಗಿ ಬಂದರೆ ಕೊಳದ ಹುಳು ಯಾಕೆ ಸಾಯುತ್ತದೆ? ಈ ಪ್ರಶ್ನೆ ಮೂರು ವಾರ ನನಗೆ ಹೊಳೆದಿರಲಿಲ್ಲ. ನನ್ನ ದಡ್ಡತನಕ್ಕೆ ಇಷ್ಟು ಸಾಕ್ಷಿ ಸಾಕು.

ಮರುದಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದೆ. ಹೇಳದೆ ಕೇಳದೆ ಬಂದ ನನ್ನನ್ನು ಕಂಡು ಅವನು ಗಾಬರಿಯಾದ. "ಏನಿಲ್ಲಪಾ, ಹೆಂಗ ತುಂಬ್ತೀ ತೋರಿಸು" ಎಂದೆ. ಅವನಿಗೆ ಖುಷಿಯಾಯಿತು. ಕೊನೆಯ ಕೊಳದ ಕಟ್ಟೆಯ ಮೇಲೆ ಬಿಗಿದ ಕಾಲನ್ನು ಪಕ್ಕಕ್ಕೆ ಚಾಚಿ ಕೂತ. ಬಾಟಲಿಯನ್ನು ಮೂರು ಸಲ ತೊಳೆದ. ಆಮೇಲೆ ಹೆಗಲ ಮೇಲಿನ ನೀಲಿ ಟವೆಲ್ಲು ತೆಗೆದು ನಾಲ್ಕು ಮಡಿಕೆ ಮಾಡಿ ಬಾಟಲಿಯ ಬಾಯಿಗೆ ಹಿಡಿದು, ತಂಬಿಗೆಯಿಂದ ನಿಧಾನಕ್ಕೆ ನೀರು ಸುರಿದ. ಒಂದು ಹನಿ ಚೆಲ್ಲಲಿಲ್ಲ. ಬಟ್ಟೆಯ ಮೇಲೆ ಹಸಿರು ಗಸಿ ಉಳಿಯಿತು, ಅದರೊಳಗೆ ನೀರುಚಿಗಟಗಳು ಒದ್ದಾಡಿದವು. ಅವನು ಬಟ್ಟೆಯನ್ನು ಕೊಳದ ಕಡೆ ಝಾಡಿಸಿ ಹಿಂಡಿ ಮತ್ತೆ ಹೆಗಲಿಗೆ ಹಾಕಿಕೊಂಡ.

"ಏನಿದು?" ಎಂದೆ.

"ಸೋಸೋದ್ರಿ."

"ಸೋಸು ಅಂತ ಯಾರ್ ಹೇಳಿದ್ರು?"

"ಮಾನ್ವಿ ಅಕ್ಕ ಸೋಸತಾಳ್ರಿ. ನಾ ಹಾಳ್ಯಾಗ ಇಲ್ಲಂತ ಬಿಟ್ಟಿದ್ದೆ. ಮನ್ಯಾಗ ನಾವೂ ಸೋಸೇ ಕುಡೀತೀವಿ. ಇಲ್ಲಿ ಮರತಿದ್ದೆ ನೋಡ್ರಿ, ಎಂಥ ಹುಚ್ಚ ನಾನು!"

ನಾರುಹುಣ್ಣಿನ ಹುಳು ನೀರಿನಲ್ಲಿರುವ ಇಂಥ ಚಿಗಟಗಳೊಳಗಿಂದಲೇ ಹೊಟ್ಟೆಗೆ ಹೋಗುತ್ತದೆ. ಅದಕ್ಕೆಂದೇ ಆರೋಗ್ಯ ಇಲಾಖೆಯವರು ಹಳ್ಳಿ ಹಳ್ಳಿಗೆ ಬಂದು, ಕೊಡಕ್ಕೆ ಬಟ್ಟೆ ಕಟ್ಟದೆ ನೀರು ತುಂಬಬೇಡಿ ಎಂದು ಕೈ ಹಿಡಿದು ಕಲಿಸಿದ್ದರು. ಜನ ಕಲಿತಿದ್ದರು. ಅಷ್ಟು ಚೆನ್ನಾಗಿ ಕಲಿತಿದ್ದರು. ನಾನೂ ಮನೆಯಲ್ಲಿ ಸೋಸಿದ ನೀರನ್ನೇ ಕುಡಿಯುತ್ತಿದ್ದೆ. ಆದರೆ ಸೋಸಬೇಡಿ ಎಂದು ಇಂಗ್ಲಿಷ್ ಹಾಳೆಯಲ್ಲಿ ಇರಲಿಲ್ಲ, ಬರೆದವರ ದೇಶದಲ್ಲಿ ಯಾರೂ ಸೋಸುವುದಿಲ್ಲವಾದ್ದರಿಂದ. ಕನ್ನಡದ್ದರಲ್ಲೂ ಇರಲಿಲ್ಲ, ಅನುವಾದ ಮಾಡಿದವನು ಬರೀ ಅನುವಾದ ಮಾಡಿದ್ದರಿಂದ.

ಅಲ್ಲಿಂದ ಮಾನ್ವಿಗೆ ಹೋದೆ. ಆ ಹೆಣ್ಣುಮಗಳು ಕೆಂಪು ಸೀರೆಯ ಹಳೇ ತುಂಡನ್ನು ತಂದು ತೋರಿಸಿದಳು. ತೊಳೆದು ಬಿಸಿಲಿಗೆ ಹಾಕಿದ್ದು, ಶುಭ್ರವಾಗಿತ್ತು.

"ವರ್ಷದಾಗ ಎಷ್ಟು ಸಲ ಕೇಳೀನಿ ಯವ್ವಾ, ಹೆಂಗ ತುಂಬ್ತೀ ಅಂತ. ಒಮ್ಮೇನೂ ಇದನ್ನ ಹೇಳಲಿಲ್ಲಲ್ಲ?"

"ಸೋಸೋದು ಏನ್ ಹೇಳೋ ಮಾತೇನ್ರಿ ಸಾಹೇಬ್ರ? ನಮ್ಮತ್ತಿ ನಾರಾಗಿ ಆರು ವಾರ ನೆಲ ಹಿಡಿದಿದ್ಲು. ಅವತ್ತಿನಿಂದ ಬಟ್ಟಿ ಇಲ್ಲದ ನನ್ನ ಕೈ ನೀರು ತುಂಬಂಗಿಲ್ಲ."

"ಮತ್ತ ಒಳಗ ಬರೋ ನೀರ್ಯಾಕ ಸೋಸಲಿಲ್ಲ?"

ಅವಳು ನಕ್ಕಳು. "ಅದು ಗಟಾರದ ನೀರಲ್ಲೇನ್ರಿ? ಹೊಲಸನ್ನ ಯಾರ್ ಸೋಸ್ತಾರ? ಹೊರಗ ಬರೋದು ನೀವು ಶುದ್ಧ ಮಾಡಿದ್ದು. ದೊಡ್ಡ ದೊಡ್ಡ ಮಂದಿ ಕೈಯಾಗ ಹೋಗೋ ನೀರು, ಹಂಗೇ ಕೊಡಾಕ ಆಗ್ತದೇನ್ರಿ?"

ಇಬ್ಬರಿಂದಲೂ ನನ್ನ ಕಣ್ಣೆದುರೇ ಒಂದೊಂದು ಬಾಟಲಿ ಸೋಸದೆ ತುಂಬಿಸಿಕೊಂಡಿದ್ದೆ. ರಾಯಚೂರಿಗೆ ತಂದು ಎಣಿಸಿದೆ. ಮಾನ್ವಿಯದರಲ್ಲಿ ಆರು, ದೇವದುರ್ಗದ್ದರಲ್ಲಿ ಒಂಬತ್ತು. ಅಲ್ಲಿಗೆ ವರ್ಷದ ಕೆಲಸ ಮಣ್ಣುಪಾಲಾಯಿತು.

ಮುಖ್ಯಸ್ಥರು ಎಲ್ಲ ಕೇಳಿಸಿಕೊಂಡು ಬಾಗಿಲು ಹಾಕಿಸಿದರು. "ಇದೇನು ದೊಡ್ಡ ಮಾತಲ್ಲ. ಬರೋ ಸೋಮವಾರದಿಂದ ಸೋಸಬ್ಯಾಡ್ರಿ ಅಂತ ಹೇಳ್ರಿ. ಹಿಂದಿಂದು ಹಿಂದಕ್ಕ ಹೋತು. ಕೋಷ್ಟಕ ಹಂಗೇ ಇರ್ಲಿ."

"ಹಂಗಿದ್ರ ಪಲ್ಯಕ್ಕ ನೀರು ಬಿಡ್ತಾರಲ್ರಿ" ಎಂದೆ.

"ಬಿಟ್ಟ ಮ್ಯಾಲ ನೋಡೂಣು. ಕೊಳಕ್ಕ ಇನ್ನೊಂದು ಕೊಳ ಸೇರಿಸೂಣು. ಈಗ ಇದನ್ನ ಹೇಳಿದ್ರ ಮೂರೂ ದೇಶದ ಮುಂದ ನಮ್ಮ ಮರ್ಯಾದಿ ಹರಾಜು. ನಿಮ್ಮದೂ."

ಈ ಜಾಗದಲ್ಲಿ ನನಗೆ ಹೆಂಡತಿಯ ಹಳದಿ ಕಣ್ಣು ನೆನಪಾಯಿತು ಎಂದು ಬರೆದರೆ ಚೆಂದ ಕಾಣುತ್ತಿತ್ತು. ನೆನಪಾಗಲಿಲ್ಲ. ಕೋಪವೂ ಬರಲಿಲ್ಲ. ಕೆಂಪು ಪೆನ್ಸಿಲ್ ತೆಗೆದುಕೊಂಡು ಮಾನ್ವಿಯ ಸಾಲಿನ ಮೇಲೆ ಮೊದಲ ವಾರದಿಂದ ಕೊನೆಯ ವಾರದವರೆಗೆ ಗೆರೆ ಎಳೆದೆ, ಆಮೇಲೆ ದೇವದುರ್ಗದ ಕೊನೆಯ ಮೂರು ವಾರಗಳ ಮೇಲೆ. ಕೆಳಗೆ ಸಹಿ ಹಾಕಿದೆ. ಮುಖ್ಯಸ್ಥರು ಏನೇನೋ ಅಂದರು. ನನ್ನ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಬರೀ ನನ್ನ ಮಾತು ನಡೆಯುವುದಿಲ್ಲ, ತುಂಬಿದವರ ಲಿಖಿತ ಹೇಳಿಕೆ ಬೇಕು ಎಂದು ಕೊನೆಗೆ ಅವರು ಹಟ ಹಿಡಿದರು. ಮಾನ್ವಿಯವಳು ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಅಪಾಯವಿರಲಿಲ್ಲ, ಮಾನ್ವಿಯ ಕೊಳ ಹಳೆಯದು, ಏನೇ ಆದರೂ ಅದನ್ನು ಮುಚ್ಚುವುದಿಲ್ಲ. ದೇವದುರ್ಗದವನಿಗೆ ಮಾತ್ರ ಹಾಳೆ ಓದಿ ಹೇಳಿ, "ನೋಡಪಾ, ಇದಕ್ಕ ಸಹಿ ಹಾಕಿದ್ರ ನಿನ್ನ ಕೊಳ ಮುಚ್ಚಬಹುದು. ಕೆಲಸ ಹೋಗ್ತದ. ಹಾಕಲೇಬೇಕು ಅಂತ ನಾ ಅನ್ನಂಗಿಲ್ಲ" ಎಂದೆ.

ಅವನು ಹಾಳೆಯನ್ನು ಇಸಿದುಕೊಂಡು ಮತ್ತೊಮ್ಮೆ ತಾನೇ ಓದಿದ. "ಹಾಕದಿದ್ರ?"

"ಈ ನೀರು ಪಲ್ಯಕ್ಕ ಹೋಗ್ತದ."

"ಆ ಪಲ್ಯ ಎಲ್ಲಿ ಮಾರ್ತಾರ್ರಿ?"

"ಇಲ್ಲೇ. ನಿಮ್ಮ ಸಂತಿಯಾಗ."

ಅವನು ನನ್ನ ಪೆನ್ನಿಗೆ ಕೈ ಚಾಚಿದ. "ನಮ್ಮ ಮನ್ಯಾಗ ಶನಿವಾರಕ್ಕೊಮ್ಮೆ ಪುಂಡಿಪಲ್ಯ ಮಾಡ್ತಾರ್ರಿ" ಎಂದು ಹೇಳಿ, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು, ಅಕ್ಷರ ಅಕ್ಷರ ಬಿಡಿಸಿ ಹೆಸರು ಬರೆದ. ಎದ್ದು ಹೊರಟಾಗ ಕೇಳಿದ: "ಇನ್ನ ಮ್ಯಾಲ ಹೆಂಗ ತುಂಬ್ಲಿ?"

"ಸೋಸದ ತುಂಬು. ಹಾಳ್ಯಾಗ ಇದ್ದಂಗ. ಮೊದಲು ನೀ ತುಂಬಿದ್ದೇ ಖರೇ ಇತ್ತು" ಎಂದೆ. ಅವನ ಮುಖ ಅರಳಿತು. ಆ ಮಾತನ್ನು ನಾನು ಅಷ್ಟು ಸಲೀಸಾಗಿ ಆಡಬಾರದಿತ್ತು.

ಶನಿವಾರದ ಸಭೆಯಲ್ಲಿ ಹೊರದೇಶದ ತಜ್ಞರು ಕೆಂಪು ಗೆರೆಗಳನ್ನು ಬಹಳ ಹೊತ್ತು ನೋಡಿದರು. ಬೈಗುಳ ಬರುತ್ತದೆಂದು ಕಾದೆ. "ಬಾಟಲಿ ತುಂಬುವ ಮನುಷ್ಯನನ್ನು ನನ್ನ ದೇಶದಲ್ಲಿ ನಾನೂ ಒಮ್ಮೆಯೂ ನಿಂತು ನೋಡಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ, ಟೋಪಿಯನ್ನು ಮೇಜಿನ ಮೇಲಿಟ್ಟರು. ಮೂರೂ ದೇಶಗಳ ಹಾಳೆಗೆ 'ಬಟ್ಟೆಯಿಂದ ಸೋಸಬಾರದು' ಎಂಬ ಸಾಲು ಸೇರಿತು. ಮಾನ್ವಿಯಲ್ಲಿ ನಾಲ್ಕನೆಯ ಕೊಳ ತೋಡಿ ನೀರನ್ನು ಇನ್ನಷ್ಟು ದಿನ ನಿಲ್ಲಿಸುವುದು, ಅಲ್ಲಿಯವರೆಗೆ ಮೇವಿಗೆ ಮಾತ್ರ ಬಿಡುವುದು ಎಂದಾಯಿತು. ಎರಡು ಕಡೆ ಕೊಳ ತೋಡುವಷ್ಟು ಹಣವಿರಲಿಲ್ಲ. ದೇವದುರ್ಗದ್ದನ್ನು ಮುಚ್ಚುವುದು ಎಂದೂ ಆಯಿತು. ಕಾವಲುಗಾರನ ಬಗ್ಗೆ ನಾನು ಮಾತೆತ್ತಿದೆ, ಮಾನ್ವಿಗೇ ಹಾಕಿಕೊಳ್ಳಬಹುದಲ್ಲ ಎಂದೆ. ಅಲ್ಲಿ ಒಬ್ಬರಿದ್ದಾರಲ್ಲ ಎಂದರು ಮುಖ್ಯಸ್ಥರು. ಇನ್ನೊಮ್ಮೆ ಎತ್ತಬೇಕಿತ್ತು, ಎತ್ತಲಿಲ್ಲ. ಆದೇಶ ಟಪಾಲಿನಲ್ಲಿ ಹೋಯಿತು. ಅವನ ಕೈಗೆ ಮುಟ್ಟಿತೆಂದು ಸಹಿಯಾದ ಚೀಟಿಯೂ ಬಂತು.

ಅದಾದ ಮುಂದಿನ ಸೋಮವಾರ ಮಾನ್ವಿಯ ಪೆಟ್ಟಿಗೆ ಇಳಿಸಿಕೊಳ್ಳಲು ಹೋದಾಗ ದೇವದುರ್ಗದ ಬಸ್ಸಿನ ಕಂಡಕ್ಟರ್ ಕೂಗಿದ. ಮೇಲೆ ಒಂದು ಹಳೇ ಕಟ್ಟಿಗೆ ಪೆಟ್ಟಿಗೆ ಇತ್ತು, ನಮ್ಮ ಕಚೇರಿಯದಲ್ಲ. ನಾನು ಐಸು ಕಳಿಸಿರಲಿಲ್ಲ, ಅದಕ್ಕೆ ಅವನ ಹತ್ತಿರ ಉಳಿದಿದ್ದ ನಮ್ಮ ಬಾಟಲಿಗಳಿಗೆ ಒದ್ದೆ ಗೋಣಿಚೀಲ ಸುತ್ತಿತ್ತು. ಒಂದರಲ್ಲಿ ಒಳಬರುವ ನೀರು, ಇನ್ನೊಂದರಲ್ಲಿ ಹೊರಬರುವ ನೀರು. ಹೊರಬರುವ ನೀರು ಹಸಿರಾಗಿತ್ತು, ಚಿಗಟಗಳು ಜೀವಂತವಾಗಿದ್ದವು.

ಅದನ್ನು ಎಣಿಸಬೇಕಾಗಿರಲಿಲ್ಲ. ಎಣಿಸಿದೆ. ಬರೆಯಲು ಪುಸ್ತಕದಲ್ಲಿ ದೇವದುರ್ಗಕ್ಕೆ ಈಗ ಪುಟವಿರಲಿಲ್ಲ, ಬಿಡಿ ಹಾಳೆಯಲ್ಲಿ ಬರೆದಿಟ್ಟೆ. ಅದರ ಮುಂದಿನ ಸೋಮವಾರವೂ ಬಂತು. ಮೂರನೆಯದೂ ಬಂತು. ಪ್ರತಿ ಸಲವೂ ಬಾಟಲಿ ಕುತ್ತಿಗೆ ಮಟ್ಟಕ್ಕೆ ತುಂಬಿತ್ತು, ಚೀಟಿಯಲ್ಲಿ ವಾರ, ವೇಳೆ ಸರಿಯಾಗಿ ಬರೆದಿತ್ತು. ಇಡೀ ಯೋಜನೆಯಲ್ಲಿ ಅಷ್ಟು ಒಳ್ಳೆಯ ಮಾದರಿ ನಾನು ನೋಡಿರಲಿಲ್ಲ. ಕಾಗದ ಬರೆದು ಬೇಡವೆಂದು ತಿಳಿಸಬಹುದಿತ್ತು. ಎರಡು ಸಲ ಬರೆಯಲು ಕೂತು ಎದ್ದೆ. ಕೊನೆಗೆ ಆ ಭಾನುವಾರ ನಾನೇ ಹೋದೆ.

ಕೊಳದ ನೀರನ್ನು ಆಗಲೇ ಬೇರೆ ಕಡೆ ತಿರುಗಿಸಲು ಕಾಲುವೆ ಅಗೆಯುತ್ತಿದ್ದರು. ಅವನು ಕಟ್ಟೆಯ ಮೇಲಿದ್ದ. ನನ್ನನ್ನು ಕಂಡು ಎದ್ದು ಕುಂಟುತ್ತ ಎದುರಿಗೆ ಬಂದ.

"ಬರ್ರಿ ಸಾಹೇಬ್ರ. ಪೆಟ್ಟಿಗಿ ಮುಟ್ಟಿದ್ವೇನ್ರಿ?"

"ಮುಟ್ಟಿದ್ವು. ಕೆಲಸಿಲ್ಲ ಅಂತ ಕಾಗದ ಬಂದಿಲ್ಲೇನು ನಿನಗ?"

"ಬಂದದ್ರಿ. ಸೋಸಿದ್ದಕ್ಕ ತಗದಾರ. ಈಗ ಸೋಸಾಕತ್ತಿಲ್ಲಲ್ರಿ. ಖರೇದ್ದು ನಾಲ್ಕು ವಾರ ಮುಟ್ಟಿತಂದ್ರ ತಿಳೀತದ ಅವರಿಗೆ."

"ಇನ್ನ ಕಳಿಸಬ್ಯಾಡ" ಎಂದೆ.

"ಯಾಕ್ರಿ? ಈಗೂ ತಪ್ಪಾಗ್ಯಾದೇನ್ರಿ?"

"ಇಲ್ಲ. ಈಗ ಸರಿ ಅದ."

ಅವನು ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೆಯೇ ಎಂದು ನೋಡಿದಂತಿತ್ತು. "ಹಂಗಾದ್ರ ಬ್ಯಾಡ ಯಾಕ್ರಿ?" ಎಂದ.

ಬಾಟಲಿಗಳು ಕಚೇರಿಯವು, ತರಬೇಕಿತ್ತು, ಅದನ್ನೇ ಹೇಳಿದೆ. ಅವನು ಗುಡಿಸಲಿಗೆ ಹೋಗಿ, ತೊಳೆದು ಬೋರಲು ಹಾಕಿದ್ದ ಎರಡನ್ನು ತಂದುಕೊಟ್ಟ. ಇನ್ನೆರಡು ಮರುದಿನ ಸೋಮವಾರ ಕಳಿಸಲಿಕ್ಕೆಂದು ತುಂಬಿಟ್ಟಿದ್ದವು. ಅವನ್ನು ಚೆಲ್ಲು ಎಂದು ನಾನು ಹೇಳಲಿಲ್ಲ, ಅವನೂ ಚೆಲ್ಲಲಿಲ್ಲ. ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದೆ.